ಯಾರ ನಾಳ, ಯಾವ ಸ್ಕ್ಯಾನ್, ಯಾವ ವಯಸ್ಸಿಗೆ

ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ತುಂಬುವ ವರ್ಷ ಸರ್ಕಾರಿ ಆರೋಗ್ಯ ಸೇವೆಯಿಂದ ಒಂದು ಪತ್ರ ಬರುತ್ತದೆ. ಸ್ವಲ್ಪ ಹೊತ್ತು ಬಿಡುವು ಮಾಡಿಕೊಂಡು ಬನ್ನಿ, ಹೊಟ್ಟೆ ಸ್ಕ್ಯಾನ್ ಮಾಡಬೇಕು ಎಂದು ಅದರಲ್ಲಿರುತ್ತದೆ. ಕರೆಸಿಕೊಂಡವರಿಗೆ ಕಾಯಿಲೆಯಿರುವುದಿಲ್ಲ, ನೋವಿರುವುದಿಲ್ಲ. ವಯಸ್ಸಾಯಿತು ಎಂಬುದೊಂದೇ ಕಾರಣ. ಎಂಬತ್ತರ ದಶಕದಲ್ಲಿ ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಎಂಬಿಬಿಎಸ್ ಮುಗಿಸಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗ ವೈದ್ಯರೂ ಈಗ ಆ ಪತ್ರ ಪಡೆಯುವ ವಯಸ್ಸಿನವರೇ. ಹೋದವರನ್ನು ಮಂಚದ ಮೇಲೆ ಮಲಗಿಸಿ, ಅಂಗಿ ಎತ್ತಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಅಲ್ಟ್ರಾಸೌಂಡ್ ಪ್ರೋಬ್ ಒತ್ತುತ್ತಾರೆ. ಲಿವರ್ ನೋಡುವುದಿಲ್ಲ, ಕಿಡ್ನಿಯನ್ನೂ ನೋಡುವುದಿಲ್ಲ. ನೋಡುವುದು ಒಂದು ನಾಳ, ಅಳೆಯುವುದು ಅದರ ಅಗಲ. ಆ ನಾಳ, ಅಂದರೆ ಮಹಾಪಧಮನಿ, 3 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಲ್ಲೇ ಹೇಳಿ ಕಳಿಸಿಬಿಡುತ್ತಾರೆ. ಮತ್ತೆ ಕರೆಯುವುದಿಲ್ಲ.

ಇನ್ನೊಂದು ಕಡೆ, ನಮ್ಮ ದೊಡ್ಡ ನಗರಗಳೂ ಸೇರಿದಂತೆ ಪ್ರಪಂಚದಾದ್ಯಂತ ‘ಫುಲ್ ಬಾಡಿ’ ಸ್ಕ್ಯಾನ್ ಪ್ಯಾಕೇಜುಗಳ ಭರಾಟೆ. ತಲೆಯಿಂದ ಪಾದದವರೆಗೆ ಎಂಆರ್‌ಐ ಮಾಡಿಸಿಕೊಳ್ಳಿ, ಕ್ಯಾನ್ಸರ್, ರಕ್ತನಾಳದ ಉಬ್ಬು ಎಲ್ಲವನ್ನೂ ಮೊದಲೇ ಹಿಡಿಯಬಹುದು ಎಂಬ ಮಾತು. ಮೇಲುನೋಟಕ್ಕೆ ಎರಡೂ ಒಂದೇ ಕೆಲಸದಂತೆ ಕಾಣುತ್ತವೆ. ಇಂಗ್ಲೆಂಡಿನವರು ಜಿಪುಣತನದಿಂದ ಒಂದು ನಾಳ ಮಾತ್ರ ನೋಡುತ್ತಾರೆ, ದುಡ್ಡಿದ್ದವರು ಎಲ್ಲವನ್ನೂ ನೋಡಿಸಿಕೊಳ್ಳುತ್ತಾರೆ ಎಂದು ಅನ್ನಿಸಬಹುದು. ಆದರೆ ಅನ್ಯೂರಿಸಂ, ಅಂದರೆ ರಕ್ತನಾಳದ ಉಬ್ಬಿನ ವಿಷಯದಲ್ಲಿ ಜೀವ ಉಳಿಸಿದ ಪುರಾವೆ ಇರುವುದು ಆ ಒಂದು ನಾಳದ ಸ್ಕ್ಯಾನಿಗೇ. ಯಾಕೆ ಹೀಗೆ ಎಂಬುದನ್ನು ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಅರ್ಥ ಮಾಡಿಕೊಳ್ಳಬೇಕು.

ಹೃದಯದಿಂದ ಹೊರಟ ಮಹಾಪಧಮನಿ ಎದೆಯಲ್ಲಿ ಕಮಾನಿನಂತೆ ಬಾಗಿ, ಬೆನ್ನುಮೂಳೆಯ ಮುಂದೆ ಇಳಿದು, ಹೊಕ್ಕುಳ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳಿಗೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂಟಿಮೀಟರ್ ಆಸುಪಾಸು. ವಯಸ್ಸು, ಹೊಗೆ, ಏರಿದ ರಕ್ತದೊತ್ತಡ, ಮನೆತನದ ಗುಣ ಇವೆಲ್ಲ ಸೇರಿ ಕೆಲವರಲ್ಲಿ ಅದರ ಗೋಡೆಯ ಸ್ಥಿತಿಸ್ಥಾಪಕ ನಾರು ಸವೆಯುತ್ತದೆ. ಹೆಚ್ಚಾಗಿ ಕಿಡ್ನಿಗಳಿಗೆ ಹೋಗುವ ಕವಲಿನ ಕೆಳಗೆ ಗೋಡೆ ಸಡಿಲಗೊಂಡು ಉಬ್ಬುತ್ತದೆ. ಹಳೇ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಸವೆದ ಜಾಗವೊಂದೇ ಬುಗ್ಗೆಂದು ಎದ್ದು, ಎದ್ದಷ್ಟೂ ತೆಳುವಾಗುತ್ತದಲ್ಲ, ಹಾಗೆ. ನಾಳ ಅಗಲವಾದಂತೆಲ್ಲ, ಬಿ.ಪಿ. ಒಂದಿಷ್ಟೂ ಏರದಿದ್ದರೂ ಗೋಡೆಯ ಮೇಲಿನ ಎಳೆತ ಏರುತ್ತದೆ. ಹಾಗಾಗಿ ಉಬ್ಬಿದ್ದು ಇನ್ನಷ್ಟು ಉಬ್ಬುತ್ತದೆ, ವರ್ಷಕ್ಕೆ ಸರಾಸರಿ ಎರಡು ಮೂರು ಮಿಲಿಮೀಟರಿನಂತೆ. ಇಷ್ಟೆಲ್ಲ ನಡೆಯುವಾಗ ಮನುಷ್ಯನಿಗೆ ಒಂದು ಸುಳಿವೂ ಸಿಗುವುದಿಲ್ಲ. ಒಡೆದ ದಿನ ಹೊಟ್ಟೆಯೋ ಬೆನ್ನೋ ತಡೆಯಲಾರದಷ್ಟು ನೋವು, ಬೆವರು, ಕುಸಿತ. ಒಡೆದವರಲ್ಲಿ ಹತ್ತರಲ್ಲಿ ಎಂಟು ಮಂದಿ ಉಳಿಯುವುದಿಲ್ಲ. ಹಲವರು ಆಸ್ಪತ್ರೆಯನ್ನೇ ಮುಟ್ಟುವುದಿಲ್ಲ.

ಆಲ್ಬರ್ಟ್ ಐನ್‌ಸ್ಟೈನ್ ತೀರಿಕೊಂಡದ್ದು ಇದರಿಂದಲೇ. 1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹೊಟ್ಟೆನೋವಿಗೆಂದು ಅವರ ಹೊಟ್ಟೆ ತೆರೆದ ಸರ್ಜನ್ ರುಡಾಲ್ಫ್ ನಿಸೆನ್‌ಗೆ ಸಿಕ್ಕಿದ್ದು ಭಾರಿ ಗಾತ್ರದ ಅನ್ಯೂರಿಸಂ. ಆ ಭಾಗ ಕತ್ತರಿಸಿ ಹೊಸ ನಾಳ ಜೋಡಿಸುವ ವಿದ್ಯೆ ಆಗ ಇರಲಿಲ್ಲ. ನಿಸೆನ್ ಉಬ್ಬಿನ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಪರಕೀಯ ವಸ್ತುವಿನ ಮೇಲೆ ದೇಹ ರೇಗಿ ಸುತ್ತಲೂ ಗಟ್ಟಿ ಅಂಗಾಂಶ ಕಟ್ಟಲಿ, ಅದೇ ನಾಳಕ್ಕೆ ಆಸರೆಯಾಗಲಿ ಎಂಬುದು ಲೆಕ್ಕಾಚಾರ. ಅದು ಆರು ವರ್ಷಕ್ಕೂ ಹೆಚ್ಚು ಕಾಲ ತಡೆಯಿತು. 1955ರ ಏಪ್ರಿಲಿನಲ್ಲಿ ನಾಳ ಸೋರತೊಡಗಿದಾಗ ಶಸ್ತ್ರಚಿಕಿತ್ಸೆ ಸಾಧ್ಯವಿತ್ತು, ಐನ್‌ಸ್ಟೈನ್ ಒಪ್ಪಲಿಲ್ಲ. 18ನೇ ತಾರೀಖು ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ 76ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಅವರ ನೋವು ಪಿತ್ತಕೋಶದ ಉರಿಯೂತದಂತೆ ಕಾಣಿಸಿಕೊಂಡಿತ್ತು. ಇಂದಿಗೂ ಅನ್ಯೂರಿಸಂ ಹೀಗೆ ಪಿತ್ತಕೋಶದ ವೇಷ ಹಾಕಿದರೆ ವೈದ್ಯರು ಅದನ್ನು ಐನ್‌ಸ್ಟೈನ್ ಚಿಹ್ನೆ ಎನ್ನುತ್ತಾರೆ.

ಚಿಕಿತ್ಸೆ ಆಗಲೇ ಬದಲಾಗತೊಡಗಿತ್ತು. 1951ರಲ್ಲಿ ಪ್ಯಾರಿಸಿನ ಶಾರ್ಲ್ ದ್ಯುಬೊ ಉಬ್ಬಿದ ಭಾಗ ತೆಗೆದು ದಾನಿಯ ನಾಳ ಕೂರಿಸಿದರು. ಹ್ಯೂಸ್ಟನ್‌ನ ಮೈಕೆಲ್ ಡಿಬೇಕಿ ಡೆಕ್ರಾನ್ ಬಟ್ಟೆ ತಂದು ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದು ನಾಳದ ಜಾಗಕ್ಕೆ ಹಾಕಿದರು. 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ತೊಡೆಸಂದಿನ ರಕ್ತನಾಳದಿಂದಲೇ ಸ್ಟೆಂಟ್ ಸಹಿತ ಬಟ್ಟೆ ಕೊಳವೆಯನ್ನು ಏರಿಸಿ, ಉಬ್ಬಿನ ಒಳಗೆ ಬಿಚ್ಚಿಟ್ಟರು. ಹೊಟ್ಟೆ ಕೊಯ್ಯುವ ಅಗತ್ಯವೇ ಇಲ್ಲದ ದಾರಿ ಹೀಗೆ ತೆರೆಯಿತು. ಮೊದಲೇ ಗೊತ್ತಾದರೆ ಸರಿಪಡಿಸಬಹುದು ಎಂಬ ಸ್ಥಿತಿ ಬಂದ ಮೇಲೆಯೇ, ಮೊದಲೇ ಹುಡುಕುವುದಕ್ಕೆ ಅರ್ಥ ಬಂದದ್ದು.

ಹುಡುಕಾಟ ಶುರುವಾದದ್ದು ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ಕೌಂಟಿಯಲ್ಲಿ, 1990ರಲ್ಲಿ. ಆದರೆ ಒಂದು ಕೌಂಟಿಯ ಉತ್ಸಾಹ ದೇಶದ ನೀತಿಯಾಗಲು ಪರೀಕ್ಷೆ ಬೇಕಿತ್ತು. 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ಸ್ಕ್ಯಾನಿಗೆ ಕರೆದರು, ಇನ್ನೊಂದು ಪಾಲಿನವರನ್ನು ಕರೆಯಲಿಲ್ಲ. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಕರೆದವರಲ್ಲಿ ಅನ್ಯೂರಿಸಂ ಸಾವು ಶೇಕಡ 42ರಷ್ಟು ಕಡಿಮೆ. ಹದಿಮೂರು ವರ್ಷ ಹಿಂಬಾಲಿಸಿದ ಮೇಲೆ ತೇಲಿದ ಲೆಕ್ಕ ಇನ್ನೂ ಸ್ಪಷ್ಟ: 216 ಮಂದಿಯನ್ನು ಸ್ಕ್ಯಾನಿಗೆ ಕರೆದರೆ ಒಂದು ಅನ್ಯೂರಿಸಂ ಸಾವು ತಪ್ಪುತ್ತದೆ. ಕ್ಯಾನ್ಸರ್ ತಪಾಸಣೆಗಳ ಲೆಕ್ಕ ಬಲ್ಲವರಿಗೆ ಇದು ಎಷ್ಟು ಒಳ್ಳೆಯ ಅಂಕಿಯೆಂದು ಗೊತ್ತು. 2009ರಲ್ಲಿ ಶುರುವಾದ ಕಾರ್ಯಕ್ರಮ 2013ರ ಹೊತ್ತಿಗೆ ಇಡೀ ಇಂಗ್ಲೆಂಡನ್ನು ಆವರಿಸಿತು.

ಈ ಕಾರ್ಯಕ್ರಮದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಪತ್ತೆಯಾದ ಮೇಲಿನ ನಡೆ. ಉಬ್ಬು 3ರಿಂದ 4.4 ಸೆಂಟಿಮೀಟರ್ ಇದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್. 4.5ರಿಂದ 5.4 ಇದ್ದರೆ ಮೂರು ತಿಂಗಳಿಗೊಮ್ಮೆ. 5.5 ಮುಟ್ಟಿದರೆ ಮಾತ್ರ ಸರ್ಜನ್ ಬಳಿಗೆ. ಯಾರೋ ಅಂದಾಜಿಗೆ ಹೇಳಿದ ಅಳತೆಯಲ್ಲ ಇದು. ಸಣ್ಣ ಉಬ್ಬುಗಳಿಗೂ ಬೇಗ ಆಪರೇಷನ್ ಮಾಡಿದರೆ ಲಾಭವುಂಟೇ ಎಂದು ಬ್ರಿಟನ್ನಿನಲ್ಲೇ ಪ್ರಯೋಗ ಮಾಡಿ ನೋಡಿದ್ದರು. 1998ರಲ್ಲಿ ಬಂದ ಉತ್ತರ, ಇಲ್ಲ; ಕಾದು ನೋಡಿದವರೂ ಅಷ್ಟೇ ಚೆನ್ನಾಗಿದ್ದರು. ಅಂದರೆ ಪತ್ರ ಬರೆಯುವ ಮೊದಲೇ, ಸಿಕ್ಕಿದ್ದನ್ನು ಏನು ಮಾಡಬೇಕೆಂಬುದು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಿತ್ತು.

ಇಷ್ಟಾದರೂ ವಾದ ಮುಗಿದಿಲ್ಲ. ಸ್ವೀಡನ್ನಿನಲ್ಲೂ 65ರ ಗಂಡಸರಿಗೆ ಇದೇ ತಪಾಸಣೆಯಿದೆ. ಅಲ್ಲಿನ ಸಂಶೋಧಕರು 2018ರಲ್ಲಿ ಕೊಟ್ಟ ಲೆಕ್ಕದಂತೆ, ಆರು ವರ್ಷದಲ್ಲಿ 10,000 ಮಂದಿಗೆ 2 ಸಾವು ತಪ್ಪಿತು, 49 ಮಂದಿಗೆ ಜೀವಮಾನದಲ್ಲಿ ತೊಂದರೆ ಕೊಡದ ಉಬ್ಬು ಪತ್ತೆಯಾಗಿ ತಲೆಬಿಸಿ ತಂದಿತು. ಲಾಭ ಇಷ್ಟು ಕುಗ್ಗಿದ್ದೇಕೆ? ಕಾಯಿಲೆಯೇ ಕುಗ್ಗಿದ್ದರಿಂದ. ಬ್ರಿಟಿಷ್ ಪ್ರಯೋಗ ನಡೆದ ಕಾಲಕ್ಕೆ ನೂರರಲ್ಲಿ ಸುಮಾರು ಐವರಿಗೆ ಉಬ್ಬು ಸಿಗುತ್ತಿತ್ತು; ಈಗ 65ರ ಸ್ಕ್ಯಾನಿನಲ್ಲಿ ನೂರಕ್ಕೆ ಒಬ್ಬರ ಆಸುಪಾಸು. ಆಗಿನವರು ಸ್ವಲ್ಪ ಹೆಚ್ಚು ವಯಸ್ಸಿನವರೆಂಬುದನ್ನು ಕಳೆದರೂ ಇಳಿಕೆ ದೊಡ್ಡದು. ಅದರ ಬಹುಪಾಲು ಶ್ರೇಯ ಆ ದೇಶಗಳ ಗಂಡಸರು ಸಿಗರೇಟು ಬಿಟ್ಟದ್ದಕ್ಕೆ ಸಲ್ಲಬೇಕು. ಹೊಟ್ಟೆಯ ಅನ್ಯೂರಿಸಮ್ಮಿಗೂ ಹೊಗೆಗೂ ಇರುವ ನಂಟು ಅಷ್ಟು ಗಟ್ಟಿ. ಅಮೆರಿಕದ ತಜ್ಞರ ಸಮಿತಿ 65ರಿಂದ 75 ವಯಸ್ಸಿನ, ಜೀವನದಲ್ಲಿ ಎಂದಾದರೂ ಧೂಮಪಾನಿಗಳಾಗಿದ್ದ ಗಂಡಸರಿಗೆ ಒಂದೇ ಒಂದು ಸಲ ಅಲ್ಟ್ರಾಸೌಂಡ್ ಸಾಕು ಎನ್ನುವುದು ಇದೇ ಕಾರಣಕ್ಕೆ. ಹೆಂಗಸರಲ್ಲಿ ಇದು ಬಹಳ ಕಡಿಮೆ. ಆದರೆ ಬಂದರೆ ಚಿಕ್ಕ ಗಾತ್ರಕ್ಕೇ ಒಡೆಯುವ ಸ್ವಭಾವ. ಬೀಡಿ ಸಿಗರೇಟು ಸೇದಿದ, ಅಥವಾ ತಂದೆಗೋ ಒಡಹುಟ್ಟಿದವರಿಗೋ ಅನ್ಯೂರಿಸಂ ಇದ್ದ ಹೆಂಗಸರನ್ನು ಲೆಕ್ಕದಿಂದ ಕೈಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ತಲೆಯ ವಿಷಯಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಮಿದುಳಿನ ಬುಡದ ನಾಳಗಳು ಕವಲೊಡೆಯುವ ಕಡೆ ಮೂಡುವ ಸಣ್ಣ ಉಬ್ಬುಗಳು ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಇರುತ್ತವೆ. ಒಡೆದರೆ ಸಿಡಿಲು ಬಡಿದಂಥ ತಲೆನೋವು, ಕತ್ತಿನ ಬಿಗಿತ, ಪ್ರಜ್ಞೆ ತಪ್ಪುವುದು. ಸಾವು ಇಲ್ಲವೇ ಅಂಗವೈಕಲ್ಯ ಸಾಮಾನ್ಯ. ಇಷ್ಟು ಭೀಕರವಾದದ್ದನ್ನು ಎಂಆರ್ ಆ್ಯಂಜಿಯೊ ಎಂಬ ಸ್ಕ್ಯಾನಿನಲ್ಲಿ ಚುಚ್ಚುಮದ್ದೂ ಇಲ್ಲದೆ, ವಿಕಿರಣವೂ ಇಲ್ಲದೆ ನೋಡಬಹುದಾದರೆ ಎಲ್ಲರಿಗೂ ಯಾಕೆ ಮಾಡಬಾರದು? ಜಪಾನಿನಲ್ಲಿ ಹೆಚ್ಚುಕಡಿಮೆ ಹಾಗೇ ಮಾಡುತ್ತಾರೆ. ‘ಬ್ರೇನ್ ಡಾಕ್’ ಎಂಬ ಹೆಸರಿನಲ್ಲಿ, ಮೈಯಲ್ಲಿ ಏನೂ ತೊಂದರೆ ಇಲ್ಲದವರು ದುಡ್ಡು ಕೊಟ್ಟು ಮಿದುಳಿನ ಎಂಆರ್‌ಐ ಮಾಡಿಸಿಕೊಳ್ಳುವ ರೂಢಿ ಅಲ್ಲಿ ದಶಕಗಳಿಂದ ಇದೆ. ಹೀಗೆ ಸಿಕ್ಕ ಉಬ್ಬುಗಳ ಗತಿಯೇನಾಗುತ್ತದೆ ಎಂದು ಜಪಾನೀಯರೇ 5,720 ರೋಗಿಗಳನ್ನು ಹಿಂಬಾಲಿಸಿ 2012ರಲ್ಲಿ ವರದಿ ಮಾಡಿದರು. ವರ್ಷಕ್ಕೆ ಒಡೆದದ್ದು ಶೇಕಡ 0.95. ದೊಡ್ಡವು ಹೆಚ್ಚು, ಚಿಕ್ಕವು ತೀರಾ ಕಡಿಮೆ. ಅದರ ಜೊತೆಗೆ, ಯಾವ ನಾಳದ ಮೇಲೆ ಕೂತಿದೆ ಎಂಬುದರ ಮೇಲೂ ನಿಂತಿತ್ತು.

ಈಗ ಒಬ್ಬ 45ರ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಕಂಪನಿಯ ಹೆಲ್ತ್ ಪ್ಯಾಕೇಜಿನಲ್ಲಿ ಮಿದುಳಿನ ಎಂಆರ್‌ಐ ಆಗಿದೆ, 3 ಮಿಲಿಮೀಟರಿನ ಉಬ್ಬು ಸಿಕ್ಕಿದೆ. ಅದು ಬದುಕಿಡೀ ಸುಮ್ಮನಿರುವ ಸಂಭವವೇ ಹೆಚ್ಚು. ಮುಚ್ಚಬೇಕೆಂದರೆ, 1937ರಲ್ಲಿ ವಾಲ್ಟರ್ ಡ್ಯಾಂಡಿ ತೋರಿಸಿಕೊಟ್ಟಂತೆ ತಲೆಬುರುಡೆ ತೆರೆದು ಕ್ಲಿಪ್ ಹಾಕಬೇಕು, ಇಲ್ಲವೇ ನಾಳದೊಳಗಿಂದ ಪ್ಲಾಟಿನಂ ತಂತಿಯ ಸುರುಳಿ ತುಂಬಬೇಕು. ಎರಡರಲ್ಲೂ ಲಕ್ವದ ಅಪಾಯ ಒಂದಿಷ್ಟು ಇದ್ದೇ ಇದೆ, ಅದೂ ಆಪರೇಷನ್ ದಿನವೇ. ಒಳ್ಳೆಯ ನರಶಸ್ತ್ರಜ್ಞರು ಸಾಮಾನ್ಯವಾಗಿ ಇಂಥ ಉಬ್ಬನ್ನು ಮುಟ್ಟುವುದಿಲ್ಲ. ಕೆಲಕಾಲ ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎನ್ನುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ಆಕೆ ಅಂದಿನಿಂದ ಪ್ರತಿ ತಲೆನೋವಿಗೂ ಬೆಚ್ಚುತ್ತಾಳೆ, ವಿಮೆ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಬಿ.ಪಿ. ಹತೋಟಿಯಲ್ಲಿಡಿ, ಹೊಗೆ ಬೇಡ ಎಂಬ ಮಾತನ್ನು ಆ ಸ್ಕ್ಯಾನ್ ಇಲ್ಲದೆಯೂ ಹೇಳಬಹುದಿತ್ತು.

ಹಾಗೆಂದು ತಲೆಯ ಸ್ಕ್ಯಾನ್ ಯಾರಿಗೂ ಬೇಡವೆಂದು ತಿಳಿಯಬಾರದು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಮಿದುಳಿನ ಅನ್ಯೂರಿಸಂ ಇದ್ದ ಮನೆತನದಲ್ಲಿ ಅದನ್ನು ಮಾಡಿಸಬೇಕೆಂಬುದಕ್ಕೆ ವೈದ್ಯರಲ್ಲಿ ಒಮ್ಮತವಿದೆ. ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯಿರುವವರಲ್ಲೂ ಮಿದುಳಿನ ಉಬ್ಬು ಇತರರಿಗಿಂತ ಹೆಚ್ಚು. ಅಂಥವರ ಮನೆಯಲ್ಲಿ ಯಾರಿಗಾದರೂ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದರಂತೂ ಕೇಳಲೇಬೇಕಾದ ಪರೀಕ್ಷೆ. ನಮ್ಮಲ್ಲಿ ತೊಂದರೆಯೆಂದರೆ, ಅಜ್ಜ ‘ತಲೆಗೆ ರಕ್ತ ಏರಿ’ ಹೋದರು, ಅತ್ತೆ ‘ಹಾರ್ಟ್ ಅಟ್ಯಾಕ್’ ಆಗಿ ಹೋದರು ಎಂಬಲ್ಲಿಗೆ ಮನೆಯ ಚರಿತ್ರೆ ನಿಂತುಬಿಡುತ್ತದೆ. ಹಠಾತ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆಗೆ ಒಪ್ಪುವವರು ವಿರಳ.

ಆ ಪರೀಕ್ಷೆ ಮಾಡಿಸಿದರೆ ಏನು ಲಾಭವಾಗಬಹುದು ಎಂಬುದಕ್ಕೆ ಫ್ಲೋ ಹೈಮನ್ ಕಥೆ ಹೇಳಲೇಬೇಕು. ಆರೂವರೆ ಅಡಿಗೆ ಸಮೀಪದ ಎತ್ತರದ ಅಮೆರಿಕನ್ ವಾಲಿಬಾಲ್ ಆಟಗಾರ್ತಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ತಾರೆ. 1986ರ ಜನವರಿ 24ರಂದು ಜಪಾನಿನ ಮತ್ಸುಯೆಯಲ್ಲಿ ಪಂದ್ಯದ ನಡುವೆ ಅಂಕಣದಿಂದ ಹೊರಬಂದು ಬೆಂಚಿನ ಮೇಲೆ ಕೂತವರು ಹಾಗೇ ಜಾರಿ ಬಿದ್ದರು. ವಯಸ್ಸು 31. ಮೊದಲು ಎಲ್ಲರೂ ಹೃದಯಾಘಾತ ಎಂದೇ ಭಾವಿಸಿದರು. ಮರಣೋತ್ತರ ಪರೀಕ್ಷೆ ಬೇರೆಯದನ್ನೇ ಹೇಳಿತು: ಮಹಾಪಧಮನಿ ಬಿರಿದಿತ್ತು, ಮೂಲಕಾರಣ ಮಾರ್ಫಾನ್ ಸಿಂಡ್ರೋಮ್. ದೇಹದ ಅಂಗಾಂಶಗಳನ್ನು ಹಿಡಿದಿಡುವ ನಾರಿನ ಜೀನ್‌ನಲ್ಲಿ ದೋಷವಿದ್ದು, ನೀಳ ಕೈಕಾಲು, ಉದ್ದನೆಯ ಬೆರಳು, ಕಣ್ಣಿನ ತೊಂದರೆ, ಜೊತೆಗೆ ಹೃದಯದಿಂದ ಹೊರಡುವಲ್ಲೇ ಮಹಾಪಧಮನಿಯ ಉಬ್ಬು ಇವೆಲ್ಲ ಒಟ್ಟಾಗಿ ಬರುವ ಸ್ಥಿತಿ ಅದು. ಅಷ್ಟು ವರ್ಷ ಉನ್ನತ ಮಟ್ಟದಲ್ಲಿ ಆಡಿದ ಆ ಹೆಣ್ಣುಮಗಳ ಎತ್ತರವನ್ನು ಎಲ್ಲರೂ ಕೊಂಡಾಡಿದರು; ಅದರ ಹಿಂದೆ ಏನಿದೆಯೆಂದು ಯಾರೂ ನೋಡಲಿಲ್ಲ. ಅಂತ್ಯಕ್ರಿಯೆಯ ಬಳಿಕ ಒಡಹುಟ್ಟಿದವರನ್ನು ತಪಾಸಣೆ ಮಾಡಿದಾಗ ಸಹೋದರನಿಗೂ ಮಾರ್ಫಾನ್ ಇರುವುದು ಗೊತ್ತಾಗಿ, ಆತನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಅಕ್ಕತಂಗಿ ಅಣ್ಣತಮ್ಮಂದಿರ ಎದೆಯ ಮೇಲೆ ಇಡುವ ಎಕೊ ಪ್ರೋಬಿಗೆ ಇರುವ ಬೆಲೆ ಇದು. ಎದೆಯ ಮಹಾಪಧಮನಿಯ ಉಬ್ಬು, ಹುಟ್ಟಿನಿಂದ ಎರಡೇ ಎಸಳಿರುವ ಹೃದಯ ಕವಾಟ, ಚಿಕ್ಕ ವಯಸ್ಸಿನಲ್ಲಿ ಮಹಾಪಧಮನಿ ಸೀಳಿದ್ದು, ಇವುಗಳಲ್ಲಿ ಯಾವುದಾದರೂ ಮನೆಯಲ್ಲಿದ್ದರೆ ಹತ್ತಿರದ ರಕ್ತಸಂಬಂಧಿಗಳಿಗೆ ಎಕೊ ಮಾಡಿಸುವ ವಿಷಯವನ್ನು ಹೃದ್ರೋಗ ತಜ್ಞರ ಬಳಿ ಎತ್ತಬೇಕು. ಹೊಟ್ಟೆಯ ಸ್ಕ್ಯಾನಿಗೆ ಈ ಉಬ್ಬು ಕಾಣುವುದಿಲ್ಲ.

ಇಡೀ ದೇಹದ ಎಂಆರ್‌ಐ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲವನ್ನೂ ಒಂದೇ ಓಟದಲ್ಲಿ ಮುಗಿಸಲು ಹೊರಟ ಸ್ಕ್ಯಾನ್ ಪ್ರತಿ ಅಂಗಕ್ಕೂ ಬೇಕಾದಷ್ಟು ಸೂಕ್ಷ್ಮ ಚಿತ್ರ ತೆಗೆಯಲಾರದು. ಹೃದಯಬಡಿತದ ಜೊತೆ ಅಲುಗುವ ಮಹಾಪಧಮನಿಯ ಬುಡವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಲು ಇಸಿಜಿಗೆ ಹೊಂದಿಸಿದ ಬೇರೆಯೇ ಸ್ಕ್ಯಾನ್ ಬೇಕು. ಇತ್ತ ಲಿವರಿನಲ್ಲೊಂದು ಚುಕ್ಕೆ, ಥೈರಾಯ್ಡ್‌ನಲ್ಲೊಂದು ಗಂಟು, ಅಡ್ರಿನಲ್ ಗ್ರಂಥಿಯಲ್ಲೊಂದು ನೆರಳು ಸಿಕ್ಕಿ, ಒಂದೊಂದಕ್ಕೂ ಸಿಟಿ, ಬಯಾಪ್ಸಿ ಎಂದು ಓಡಾಟ ಶುರುವಾಗುತ್ತದೆ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2023ರಲ್ಲೇ, ಲಕ್ಷಣವೂ ಅಪಾಯದ ಹಿನ್ನೆಲೆಯೂ ಇಲ್ಲದವರಿಗೆ ಇದನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದಿದೆ. ಸ್ಕ್ಯಾನ್ ಮಾಡುವುದೇ ವೃತ್ತಿಯಾದವರ ಸಂಸ್ಥೆ ಆಡಿದ ಮಾತಿದು.

ನಮ್ಮಲ್ಲಿ 65ಕ್ಕೆ ಪತ್ರ ಬರೆಯುವ ವ್ಯವಸ್ಥೆ ಇಲ್ಲ. ಪ್ರೋಬನ್ನು ಜೀಪಿನಲ್ಲಿಟ್ಟುಕೊಂಡು ಹಳ್ಳಿಹಳ್ಳಿಗೆ ಹೋಗುವುದೂ ಸುಲಭವಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಅಲ್ಟ್ರಾಸೌಂಡ್ ಯಂತ್ರಗಳ ಓಡಾಟವನ್ನು ಬಿಗಿಯಾಗಿ ಹಿಡಿದಿದೆ, ಹಿಡಿಯಬೇಕಾದ ಕಾರಣವೂ ಇದೆ. ಆದರೆ ಕಲ್ಲು, ಗ್ಯಾಸ್, ಪ್ರಾಸ್ಟೇಟ್ ಎಂದು ನಮ್ಮ ವಯಸ್ಸಾದ ಗಂಡಸರು ಹೇಗೂ ಹೊಟ್ಟೆ ಸ್ಕ್ಯಾನ್ ಮಾಡಿಸುತ್ತಲೇ ಇರುತ್ತಾರೆ. ತಿಪಟೂರಿನಲ್ಲಿ ನನ್ನ ಚಿಕ್ಕಪ್ಪನನ್ನು ಕಿಡ್ನಿ ಸ್ಟೋನ್ ಅನುಮಾನದ ಮೇಲೆ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದಿದ್ದೆ. ಖಾಲಿ ಹೊಟ್ಟೆಯಲ್ಲಿ ಮಲಗಿದ್ದ ಅವರ ಕಣ್ಣು ಪರದೆಯ ಮೇಲೆಯೇ ನೆಟ್ಟಿತ್ತು.

“ಯಜಮಾನ್ರೇ, ಉಸಿರು ಎಳ್ಕೊಂಡು ಬಿಗಿ ಹಿಡೀರಿ... ಹ್ಞಾಂ, ಬಿಡಿ.”

“ಅಲ್ಲೇನು ಡಾಕ್ಟ್ರೇ, ದಬ್ ದಬ್ ಅಂತ ಹೊಡ್ಕೊಳ್ತಿರೋದು?”

“ಅದು ದೊಡ್ಡ ರಕ್ತನಾಳ, ಎಲ್ಲರಿಗೂ ಹೊಡ್ಕೊಳ್ಳುತ್ತೆ.” ಡಾಕ್ಟರು ಪರದೆ ನಿಲ್ಲಿಸಿ ಎರಡು ಚುಕ್ಕೆ ಇಟ್ಟು ಅಳೆದರು. “ಒಂದು ಪಾಯಿಂಟ್ ಒಂಬತ್ತು. ಚೆನ್ನಾಗಿದೆ. ಬೀಡಿ ಸೇದ್ತೀರಾ?”

“ಬಿಟ್ಟು ಐದಾರು ವರ್ಷ ಆಯ್ತು.”

“ಮತ್ತೆ ಮುಟ್ಟಬೇಡಿ.”

ಅಳೆಯಲು ಹಿಡಿದದ್ದು ಅರ್ಧ ನಿಮಿಷವೂ ಇಲ್ಲ. ಕೈಗೆ ಬಂದ ರಿಪೋರ್ಟಿನಲ್ಲಿ ಲಿವರ್, ಪಿತ್ತಕೋಶ, ಗುಲ್ಮ, ಎರಡು ಕಿಡ್ನಿ, ಮೂತ್ರಕೋಶ ಎಲ್ಲದರ ಅಳತೆಯೂ ಇತ್ತು. ಆ 1.9 ಮಾತ್ರ ಇರಲಿಲ್ಲ. ಮಹಾಪಧಮನಿ ಸಹಜ ಎಂಬ ಎರಡು ಪದದಲ್ಲಿ ಮುಗಿದಿತ್ತು, ಬಹಳ ಕಡೆ ಅದೂ ಇರುವುದಿಲ್ಲ. ಭಾರತದ ಗಂಡಸರಲ್ಲಿ ಶೇಕಡ 19 ಮಂದಿ ಹೊಗೆ ಸೇದುತ್ತಾರೆಂದು 2016–17ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಅರವತ್ತು ದಾಟಿದ, ಹೊಗೆಯ ಚರಿತ್ರೆಯುಳ್ಳ ಯಾರೇ ಬೇರೆ ಕಾರಣಕ್ಕೆ ಹೊಟ್ಟೆ ಸ್ಕ್ಯಾನಿಗೆ ಬಂದರೂ ಮಹಾಪಧಮನಿಯ ಅಗಲವನ್ನು ಅಂಕಿಯಲ್ಲಿ ಬರೆಯುವ ಪದ್ಧತಿ ನಮ್ಮ ಸೆಂಟರುಗಳಲ್ಲಿ ಬರಬೇಕು. ಹೊಸ ಯಂತ್ರ ಬೇಡ, ಹೊಸ ಯೋಜನೆ ಬೇಡ. ಬರೆಯುವ ತನಕ ರೋಗಿಯ ಜೊತೆ ಹೋದವರು ಕೇಳಬಹುದು: “ಡಾಕ್ಟ್ರೇ, ದೊಡ್ಡ ರಕ್ತನಾಳದ ಅಳತೆ ಎಷ್ಟಿದೆ, ಅದನ್ನೂ ಬರೆದುಕೊಡಿ.” ಇದೆಲ್ಲ ಲಕ್ಷಣವಿಲ್ಲದವರ ಮಾತು. ಇದ್ದಕ್ಕಿದ್ದಂತೆ ಎದೆ ಬೆನ್ನು ಸೀಳಿದಂಥ ನೋವು ಬಂದರೆ, ಹೊಟ್ಟೆನೋವಿನ ಜೊತೆ ತಲೆಸುತ್ತಿ ಕುಸಿದರೆ, ಸ್ಕ್ಯಾನಿಂಗ್ ಸೆಂಟರಿನ ಸಾಲಿನಲ್ಲಿ ನಿಲ್ಲದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಅಂಕಿ ಯಾಕೆ ಬೇಕೆಂದರೆ, ‘ಸಹಜ’ದೊಳಗೂ ವ್ಯತ್ಯಾಸವಿದೆ. ಬ್ರಿಟಿಷ್ ಪ್ರಯೋಗದಲ್ಲಿ ಮೊದಲ ಸ್ಕ್ಯಾನ್ ಸರಿಯಿದೆ ಎಂದು ಕಳಿಸಿದ್ದ ಕೆಲವರಿಗೆ, ಎಂಟು ವರ್ಷ ಕಳೆದ ಮೇಲೆ ಉಬ್ಬು ಒಡೆದದ್ದು ಕಂಡುಬಂತು. ಅವರಲ್ಲಿ ಬಹಳ ಮಂದಿಯ ಮೊದಲ ಅಳತೆ 2.5ರಿಂದ 2.9 ಸೆಂಟಿಮೀಟರ್ ನಡುವೆ ಇತ್ತು. ಇಂಗ್ಲೆಂಡ್ ಈಗಲೂ 3ರ ಕೆಳಗಿನವರನ್ನು ಮತ್ತೆ ಕರೆಯುವುದಿಲ್ಲ. ಅಮೆರಿಕದ ರಕ್ತನಾಳ ಶಸ್ತ್ರಜ್ಞರ ಸಂಘ ಈ ಅಳತೆಯವರಿಗೆ ಹತ್ತು ವರ್ಷದ ನಂತರ ಇನ್ನೊಮ್ಮೆ ಸ್ಕ್ಯಾನ್ ಇರಲಿ ಎನ್ನುತ್ತದೆ. ನಿಮ್ಮ ಮನೆಯ ಹಿರಿಯರ ರಿಪೋರ್ಟಿನಲ್ಲಿ 2.6 ಎಂದೋ 2.8 ಎಂದೋ ಇದ್ದರೆ ಗಾಬರಿ ಬೀಳುವ ಕಾರಣವಿಲ್ಲ. ತಾರೀಖು ಕಾಣುವಂತೆ ಆ ಹಾಳೆಯನ್ನು ಬಿ.ಪಿ. ಫೈಲಿನಲ್ಲಿ ಇಟ್ಟಿರಿ. ಮುಂದಿನ ಸ್ಕ್ಯಾನ್ ಮಾಡುವ ಡಾಕ್ಟರಿಗೆ ಹೋಲಿಸಿ ನೋಡಲು ಬೇಕಾಗುವುದು ಅದೇ.